ಹಳೆಯ ರೇಷ್ಮೆ ಸೀರೆಯಲ್ಲಿ ಉದ್ದಲಂಗ ಹೊಲಿಯುವ ಬಗೆ

ಬೆಂಗಳೂರಿನ ಬೀದಿಗಳಲ್ಲಿ ಹಳೆಯ ಜರಿ ಸೀರೆ ಕೊಳ್ಳಲು ಬರುವವರಿಗೆ ಬೇಕಾಗಿರುವುದು ಜರಿಯೊಳಗಿನ ಬೆಳ್ಳಿ. ಅದನ್ನು ಸುಟ್ಟು ತೆಗೆಯುವಾಗ ರೇಷ್ಮೆ ಬೂದಿಯಾಗುತ್ತದೆ. ಒಡಲು ಗಟ್ಟಿಯಾಗಿರುವ ಸೀರೆಯನ್ನು ಹಾಗೆ ಕಳೆದುಕೊಳ್ಳುವ ಬದಲು, ಎಂಟೊಂಬತ್ತು ವರ್ಷದ ಹುಡುಗಿಗೆ ಗೌರಿ ಹಬ್ಬಕ್ಕೊಂದು ಉದ್ದಲಂಗ ಹೊಲಿಯಬಹುದು. ಲಂಗದ ತುಂಡು ನೇರವಾದ ಆಯತವಾದ್ದರಿಂದ ಕುರ್ತಾದಲ್ಲಾಗುವಂತೆ ಕಂಕುಳು, ಕೊರಳಿನ ಚೂರುಗಳು ವ್ಯರ್ಥವಾಗುವುದಿಲ್ಲ. ಧರ್ಮಾವರಂ, ಕಂಚಿ ಸೀರೆಗಳು ಬಿರುಸಾಗಿದ್ದು ಲಂಗಕ್ಕೆ ಒಪ್ಪುತ್ತವೆ. ಮೈಸೂರು ಸಿಲ್ಕಿನ ಕ್ರೇಪ್ ಜೋಲು ಬೀಳುವುದರಿಂದ ಅದನ್ನು ಕುರ್ತಾಗೆ ಉಳಿಸಿಕೊಳ್ಳುವುದು ಲೇಸು.

ಕತ್ತರಿ ಹಿಡಿಯುವ ಮೊದಲು ಫಾಲ್ ಬಿಚ್ಚಿ, ಸೀರೆಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ಮೊಳ ಮೊಳವಾಗಿ ನೋಡಬೇಕು. ಬೀರುವಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಗೆರೆಯುದ್ದಕ್ಕೂ ಸವೆದು, ಬೆಳಕಿನಲ್ಲಿ ತೆಳುವಾದ ಬಿಳಿ ಗೀಟಿನಂತೆ ಕಾಣುತ್ತದೆ. ಅನುಮಾನವಿರುವಲ್ಲಿ ಎರಡು ಹೆಬ್ಬೆರಳುಗಳ ನಡುವೆ ಮೆಲ್ಲಗೆ ಎಳೆದಾಗ ನೂಲು ಸರಿದರೆ ಆ ಭಾಗವನ್ನು ಬಿಟ್ಟುಬಿಡಬೇಕು. ನಾನು ಹೊಲಿದ ಮೊದಲ ಲಂಗದಲ್ಲಿ ಈ ಪರೀಕ್ಷೆಯನ್ನು ಮಾಡಿರಲಿಲ್ಲ. ಮಗಳು ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕುಳಿತಾಗ ಸೊಂಟದ ಕೆಳಗೆ ಗೇಣುದ್ದ ಪರ್ರೆಂದು ಹರಿಯಿತು.

ಲಂಗದ ಕೆಳಗೆ ಯಾವ ಅಂಚು ಬರಬೇಕೆಂಬುದೂ ಆಗಲೇ ನಿರ್ಧಾರವಾಗುತ್ತದೆ. ಉಟ್ಟಾಗ ಪಾದಕ್ಕೆ ತಾಗುತ್ತಿದ್ದ ಅಂಚು ಫಾಲ್ ಇದ್ದರೂ ಸವೆದಿರುತ್ತದೆ; ಸೊಂಟದಲ್ಲಿ ಸಿಕ್ಕಿಸುತ್ತಿದ್ದ ಅಂಚು ಸಾಮಾನ್ಯವಾಗಿ ಹೊಸದರಂತೆಯೇ ಉಳಿದಿರುತ್ತದೆ. ಎರಡೂ ಅಂಚುಗಳ ಅಗಲ ಒಂದೇ ಆಗಿದ್ದು, ಬುಟ್ಟಾಗಳು ತಲೆಕೆಳಗಾಗಿ ಕಾಣದಿದ್ದರೆ, ಸೀರೆಯನ್ನು ತಿರುಗಿಸಿ ಮೇಲಂಚನ್ನೇ ಕೆಳಗೆ ತರಬೇಕು. ಅಂಚಿಗೆ ಮಡಿಸಿ ಹೊಲಿಯುವ ಕೆಲಸವೇನೂ ಇರುವುದಿಲ್ಲ.

ಸೊಂಟದಿಂದ ಪಾದದವರೆಗೆ 30 ಇಂಚು ಇದ್ದರೆ ಮೇಲಿನ ಹೊಲಿಗೆಗೆ 1 ಇಂಚು, ಬೆಳೆಯುವ ಮಗುವಿಗಾಗಿ ಬಿಡುವ ಮಡಿಕೆಗೆ 4 ಇಂಚು ಸೇರಿಸಿ 35 ಇಂಚು ಎತ್ತರದ, 3 ಮೀಟರ್ ಉದ್ದದ ತುಂಡನ್ನು ಕತ್ತರಿಸಬೇಕು. ಸೀರೆಯ ಅಗಲ ಸುಮಾರು 45 ಇಂಚು ಇರುವುದರಿಂದ ಉಳಿಯುವ 10 ಇಂಚಿನ ಪಟ್ಟಿಯಲ್ಲಿ, ಗಟ್ಟಿಯಿರುವ ಕಡೆಯಿಂದ, ಸೊಂಟಪಟ್ಟಿಯೂ ರವಿಕೆಯ ತೋಳಿನ ಅಂಚೂ ಸಿಗುತ್ತವೆ. ರವಿಕೆಯನ್ನು ಮಿಕ್ಕ ಒಡಲಿನಲ್ಲಿ ಹೊಲಿಯಬಹುದು. ಸೆರಗಿಗೆ ಮಾತ್ರ ಕೈ ಹಚ್ಚಬೇಡಿ, ಅದು ಮುಂದೆ ದಾವಣಿಗಾದೀತು.

ಲೈನಿಂಗ್‌ಗೆ ತೆಳುವಾದ ಹತ್ತಿ ಬಟ್ಟೆ ಚಿಕ್ಕಪೇಟೆಯಲ್ಲಿ ಸಿಗುತ್ತದೆ. ಅದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸದಿದ್ದರೆ ಮುಂದೆ ಕುಗ್ಗಿ ರೇಷ್ಮೆಯನ್ನು ಸೊಟ್ಟಗೆ ಎಳೆಯುತ್ತದೆ. ರೇಷ್ಮೆ ಮತ್ತು ಲೈನಿಂಗನ್ನು ಒಂದರ ಮೇಲೊಂದು ಹಾಸಿ, ಕಚ್ಚಾ ಹೊಲಿಗೆ ಹಾಕಿ, ಎರಡನ್ನೂ ಒಂದೇ ಬಟ್ಟೆಯೆಂಬಂತೆ ನೆರಿಗೆ ಹಿಡಿದು ಸೊಂಟಪಟ್ಟಿಗೆ ಜೋಡಿಸಿದರೆ ಎಳೆತದ ಬಹುಪಾಲನ್ನು ಹತ್ತಿ ಹೊರುತ್ತದೆ. ಮಷಿನ್‌ಗೆ 11ನೇ ನಂಬರಿನ ಸಣ್ಣ ಸೂಜಿ ಹಾಕಬೇಕು. ಹಳೆಯ ರೇಷ್ಮೆಯ ಮೇಲೆ ತೀರ ಒತ್ತಾದ ಹೊಲಿಗೆ ಬಿದ್ದರೆ ತೂತುಗಳ ಸಾಲಿನಲ್ಲೇ ಅದು ಹರಿಯುತ್ತದೆ.

ಕೊನೆಯಲ್ಲಿ, ಅಂಚಿಗಿಂತ ಸ್ವಲ್ಪ ಮೇಲೆ, ಲೈನಿಂಗನ್ನೂ ಸೇರಿಸಿ ಒಳಮುಖವಾಗಿ 2 ಇಂಚು ಆಳದ ಮಡಿಕೆ ಹಿಡಿದು ಕೈಯಿಂದ ಉದ್ದುದ್ದ ಹೊಲಿಗೆ ಹಾಕಬೇಕು. ಹುಡುಗಿ ಎತ್ತರವಾದಾಗ ಇದನ್ನು ಬಿಚ್ಚಿ, ಒಳಬದಿಯಿಂದ ಒಣಬಟ್ಟೆ ಹಾಸಿ, ಹದವಾದ ಕಾವಿನಲ್ಲಿ ಇಸ್ತ್ರಿ ಮಾಡಿದರೆ ಗೆರೆ ಬಹುಮಟ್ಟಿಗೆ ಮಾಯವಾಗುತ್ತದೆ. ನೀರು ಚಿಮುಕಿಸಿದರೆ ರೇಷ್ಮೆಯ ಮೇಲೆ ಕಲೆ ಉಳಿಯಬಹುದು.