ಕಟ್ಟಿದ ಹಸು ದಿನಕ್ಕೆ ಎಷ್ಟು ಹೊತ್ತು ಮಲಗುತ್ತದೆ? ನಾವು ಅಳೆದ ಬಗೆ

ಹಾಲಿನ ಲೆಕ್ಕ ಡೇರಿ ಪುಸ್ತಕದಲ್ಲೇ ಸಿಗುತ್ತದೆ. ಹಸು ಎಷ್ಟು ಹೊತ್ತು ಮಲಗಿತ್ತು ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಹಳೇ ಮೈಸೂರು ಕಡೆ ನಾಲ್ಕರಿಂದ ಎಂಟು ಸೀಮೆ ಹಸು ಕಟ್ಟುವ ಕೊಟ್ಟಿಗೆಗಳಲ್ಲಿ ನಾವು ಅಳೆದದ್ದು ಅದನ್ನೇ. ಮೆತ್ತಗಿನ ಒಣ ಜಾಗ ಸಿಕ್ಕರೆ ಕರಾವಿನ ಹಸು ದಿನಕ್ಕೆ ಸುಮಾರು 10ರಿಂದ 12 ಗಂಟೆ ಮಲಗುತ್ತದೆ. ಒಂದೇ ಸಲಕ್ಕಲ್ಲ, ಹತ್ತು ಸಲವಾದರೂ ಎದ್ದು, ಮತ್ತೆ ಮಲಗಿ. ಮೇವನ್ನೂ ಮಲಗುವುದನ್ನೂ ಒಟ್ಟಿಗೆ ತಡೆದು ಆಮೇಲೆ ಬಿಟ್ಟು ನೋಡಿದ ಪ್ರಯೋಗಗಳಲ್ಲಿ ಹಸು ಮೇವು ಬಿಟ್ಟು ಮಲಗುವುದನ್ನೇ ಮುಂದೆ ಮಾಡಿಕೊಂಡಿದೆ. ಹಸುವಿನ ಸುಖ ಅಳೆಯಲು ಒಂದೇ ಅಂಕಿ ಆರಿಸಿಕೊಳ್ಳಿ ಎಂದರೆ ನಾವು ಇದನ್ನೇ ಆರಿಸುತ್ತೇವೆ.

ಮೊದಲ ಕೆಲಸ ಪದಗಳಿಗೆ ಗಡಿ ಹಾಕುವುದು. ‘ಮಲಗಿದೆ’ ಎಂದರೆ ಹೊಟ್ಟೆಯೋ ಪಕ್ಕೆಯೋ ನೆಲಕ್ಕೆ ತಾಗಿರಬೇಕು, ಯಾವ ಕಾಲಿನ ಮೇಲೂ ಮೈಭಾರ ಇರಬಾರದು. ಮುಂಗಾಲ ಮಂಡಿ ಊರಿ ಹಿಂಭಾಗ ಎತ್ತಿಕೊಂಡು ಯೋಚಿಸುತ್ತಾ ನಿಂತ ಹಸುವನ್ನು ಒಬ್ಬರು ‘ಮಲಗಿದೆ’ ಎಂದೂ ಇನ್ನೊಬ್ಬರು ‘ನಿಂತಿದೆ’ ಎಂದೂ ಬರೆಯುತ್ತಾರೆ. ನಾವು ಅದಕ್ಕೆ ‘ಅರೆಮಂಡಿ’ ಎಂದು ಬೇರೆ ಗುರುತನ್ನೇ ಇಟ್ಟೆವು. ಗಟ್ಟಿ ನೆಲದ ಕೊಟ್ಟಿಗೆಯಲ್ಲಿ ಆ ಗುರುತು ಪದೇ ಪದೇ ಬರುತ್ತದೆ, ಅದೇ ಒಂದು ಸುಳಿವು. ಮೆಲುಕಿಗೂ ಗಡಿ ಬೇಕು. ಬಾಯಲ್ಲಿ ಮೇವು ಎತ್ತಿಕೊಳ್ಳದೆ ದವಡೆ ಆಡಬೇಕು, ನುಂಗಿದ ಮೇಲೆ ಕತ್ತಿನಲ್ಲಿ ಉಂಡೆ ಮೇಲೆ ಬರುವುದು ಕಾಣಬೇಕು. ಬರೀ ನಾಲಿಗೆ ಹೊರಳಿಸುತ್ತಾ ನಿಂತ ಹಸುವನ್ನು ಮೆಲುಕಿಗೆ ಸೇರಿಸಿದರೆ ಕೊರತೆಯ ಗುರುತನ್ನು ಸುಖದ ಲೆಕ್ಕಕ್ಕೆ ಬರೆದಂತಾಗುತ್ತದೆ.

ಗುರುತು ಹಾಕುವುದು ಹತ್ತು ನಿಮಿಷಕ್ಕೊಮ್ಮೆ. ಪ್ರಾಣಿಗಳನ್ನು ಗಮನಿಸುವ ಮಾದರಿ ವಿಧಾನಗಳನ್ನು ಜೀನ್ ಆಲ್ಟ್‌ಮನ್ 1974ರಲ್ಲಿ ವಿಂಗಡಿಸಿಟ್ಟರು. ಅದರಲ್ಲಿ ಇದು ‘ಆ ಕ್ಷಣ ಏನು ಮಾಡುತ್ತಿದೆ’ ಎಂದು ನೋಡುವ ಬಗೆ. ಒಂದು ಹಸುವಿಗೆ ದಿನಕ್ಕೆ 144 ಗುರುತು, ಅದರಲ್ಲಿ 72 ಮಲಗಿದ್ದು ಎಂದರೆ 12 ಗಂಟೆ. ಮಲಗುವಂಥ ದೀರ್ಘ ಕ್ರಿಯೆಗೆ ಈ ಅಂತರ ಸಾಕು. ನೀರು ಕುಡಿಯುವುದಕ್ಕೆ ಸಾಲದು, ಎರಡು ನಿಮಿಷದಲ್ಲಿ ಮುಗಿಯುವ ಕೆಲಸ ಎರಡು ಗುರುತುಗಳ ನಡುವೆ ಜಾರಿಹೋಗುತ್ತದೆ. ನಮ್ಮ ಕೊಟ್ಟಿಗೆಗಳಲ್ಲಿ ಹೇಗೂ ಬಕೆಟ್ಟಿನಲ್ಲೇ ನೀರು, ಹಾಗಾಗಿ ಬಕೆಟ್ ಎಣಿಸಿ, ಉಳಿದದ್ದನ್ನು ಅಳೆದು ಕಳೆದೆವು. ಕಲಗಚ್ಚನ್ನು ಬೇರೆಯಾಗಿ ಬರೆಯಬೇಕು.

ತಪ್ಪುವುದು ಎಲ್ಲಿ ಗೊತ್ತೇ? ಹತ್ತು ನಿಮಿಷದ ಅಲಾರಂ ಬೀಪ್ ಕೇಳಿದ ತಕ್ಷಣ ಕಣ್ಣು ಹೋಗುವುದು ಏಳುತ್ತಿರುವ, ಕೂಗುತ್ತಿರುವ, ಪಕ್ಕದ್ದನ್ನು ತಿವಿಯುತ್ತಿರುವ ಹಸುವಿನ ಕಡೆಗೆ. ಅದನ್ನು ಮೊದಲು ಬರೆದರೆ ಗದ್ದಲದ ಕ್ರಿಯೆಗಳೆಲ್ಲ ಲೆಕ್ಕದಲ್ಲಿ ಊದಿಕೊಳ್ಳುತ್ತವೆ. ಬಾಗಿಲ ಕಡೆಯಿಂದ ಒಂದು, ಎರಡು, ಮೂರು ಎಂದು ಕ್ರಮ ಬಿಡದೆ ನೋಡಬೇಕು. ಕಣ್ಣು ಬಿದ್ದ ಆ ಕ್ಷಣದಲ್ಲಿ ಇದ್ದದ್ದನ್ನೇ ಬರೆಯಬೇಕು, ಮರುಕ್ಷಣ ಅದು ಎದ್ದು ನಿಂತರೂ ತಿದ್ದಬಾರದು. ಮೊದಲ ದಿನದ ಹಾಳೆ ಪೂರ್ತಿ ತೆಗೆದುಹಾಕಿದೆವು, ಹೊಸಬರು ಕೂತರೆ ಹಸುಗಳು ನಮ್ಮನ್ನೇ ನೋಡುತ್ತಾ ನಿಲ್ಲುತ್ತವೆ. ಹಸುಗಿಂತ ಮನೆಯವರು ಬದಲಾಗುವುದು ಹೆಚ್ಚು ಎಂಬುದೂ ಗಮನದಲ್ಲಿರಲಿ. ನೋಡುವವರು ಇದ್ದಾರೆಂದು ಸಗಣಿ ಎರಡು ಸಲ ಹೆಚ್ಚಿಗೆ ತೆಗೆಯುತ್ತಾರೆ, ಅಡಿಗೆ ರಾಗಿಹುಲ್ಲು ಹರವುತ್ತಾರೆ. ಅದನ್ನು ತಡೆಯಲಾಗದು, ಸಗಣಿ ತೆಗೆದ ಹೊತ್ತು ಮತ್ತು ಹುಲ್ಲು ಹಾಕಿದ್ದು ಎರಡನ್ನೂ ಹಾಳೆಯ ಅಂಚಿನಲ್ಲಿ ಬರೆದರೆ ಆಮೇಲೆ ಲೆಕ್ಕಕ್ಕೆ ಸಿಗುತ್ತದೆ.

ರಾತ್ರಿಗೆ ಇನ್‌ಫ್ರಾರೆಡ್ ಸಿಸಿಟಿವಿ ಕ್ಯಾಮೆರಾ ಇಟ್ಟೆವು. ಕೆಂಪು ಕಾಗದ ಸುತ್ತಿದ ಟಾರ್ಚಿಗೂ ಕೆಲವು ಹಸು ತಲೆ ಎತ್ತುತ್ತಿದ್ದವು. ಕ್ಯಾಮೆರಾದ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಬೆಳಗಿನ ಹೊತ್ತಿಗೆ ಕ್ಯಾಮೆರಾದ ಮುಂದೆ ಬಲೆ. ಸಂಜೆ ಹಾಲು ಕರೆಯುವ ಹೊತ್ತಿಗೆ ಒಣಬಟ್ಟೆಯಲ್ಲಿ ಒರೆಸುವುದೇ ಪರಿಹಾರ. ಕರೆಂಟು ಹೋದಾಗ ರೆಕಾರ್ಡರ್ ನಿಂತು ಮತ್ತೆ ಶುರುವಾದರೆ ಗಡಿಯಾರ ತಪ್ಪಿರಬಹುದು. ದಿನಕ್ಕೊಮ್ಮೆ ಕೈಗಡಿಯಾರವನ್ನು ಕ್ಯಾಮೆರಾದ ಮುಂದೆ ಹಿಡಿದು ಎರಡನ್ನೂ ತಾಳೆ ಹಾಕಿಡಿ.

ಎಷ್ಟು ಸಲ ಎದ್ದು ಮಲಗಿತು ಎಂಬುದಕ್ಕೆ ಮಾತ್ರ ಹತ್ತು ನಿಮಿಷದ ಗುರುತು ನಂಬಬಾರದು. ಅದಕ್ಕೆ ಆಕ್ಸೆಲೆರೋಮೀಟರ್ ಲಾಗರ್, ಅಂದರೆ ಕಾಲು ನೆಟ್ಟಗಿದೆಯೋ ಅಡ್ಡವಾಗಿದೆಯೋ ಎಂದು ದಾಖಲಿಸುವ ಪುಟ್ಟ ಉಪಕರಣ, ಕಟ್ಟಿದೆವು. ಹಿಂಗಾಲಿನ ಹೊರಮಗ್ಗುಲು, ಗೊರಸಿನ ಮೇಲಿನ ಕೀಲಿಗೂ ದೊಡ್ಡ ಕೀಲಿಗೂ ನಡುವೆ, ಅಂಟು ಬ್ಯಾಂಡೇಜಿನಲ್ಲಿ. ನಿಮಿಷಕ್ಕೊಂದು ದಾಖಲೆ ಸಾಕು. ಎರಡು ನಿಮಿಷದೊಳಗಿನ ‘ಮಲಗಿದೆ’ಗಳನ್ನು ಅಳಿಸಬೇಕು, ನೊಣ ಓಡಿಸಲು ಕಾಲು ಝಾಡಿಸಿದ್ದೂ ಅದರಲ್ಲಿ ಸೇರಿಕೊಂಡಿರುತ್ತದೆ. ಬ್ಯಾಂಡೇಜು ಬಿಗಿಯಾದರೆ ಕೆಳಗೆ ಬಾವು, ಸಡಿಲವಾದರೆ ಲಾಗರ್ ತಿರುಗಿ ನಿಂತದ್ದೆಲ್ಲ ಮಲಗಿದ್ದಾಗುತ್ತದೆ. ಒಂದು ಬೆರಳು ತೂರುವಷ್ಟು ಸಡಿಲ ಸರಿ, ದಿನಾ ಮುಟ್ಟಿ ನೋಡಬೇಕು, ಐದು ದಿನಕ್ಕೆ ಬಿಚ್ಚಬೇಕು. ಸಂಸ್ಥೆಯ ಸಂಶೋಧನೆಯಾದರೆ ಉಪಕರಣ ಕಟ್ಟುವ ಮೊದಲು ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ, ಮನೆಯವರ ಲಿಖಿತ ಒಪ್ಪಿಗೆ ಎರಡೂ ಬೇಕು. ನಮ್ಮನ್ನು ಕೇಳಿದರೆ, ಆರು ಹಸುವಿನ ಕೊಟ್ಟಿಗೆಗೆ ಪೆನ್ಸಿಲ್ಲು, ಹಾಳೆ, ಅಲಾರಂ ಮತ್ತು ಒಂದು ಕ್ಯಾಮೆರಾ ಮುಕ್ಕಾಲು ಕೆಲಸ ಮುಗಿಸುತ್ತವೆ.

ಲಾಗರ್‌ಗಿಂತ ಹೆಚ್ಚು ಹೇಳುವುದು ಸ್ಟಾಪ್‌ವಾಚ್. ಹಸು ಮಲಗಲು ಎಷ್ಟು ಸೆಕೆಂಡು ಹಿಡಿಯಿತು ಎಂದು ನೋಡಬೇಕು. ಒಂದು ಮುಂಗಾಲ ಮಂಡಿ ಬಾಗಿ ಇಳಿಯತೊಡಗಿದಾಗ ಒತ್ತಿ, ಹಿಂಭಾಗ ನೆಲಕ್ಕೆ ಬಿದ್ದು ಮುಂಗಾಲನ್ನು ಎದೆಯಡಿಯಿಂದ ಎಳೆದುಕೊಂಡಾಗ ನಿಲ್ಲಿಸಬೇಕು. ಜಾನುವಾರುಗಳ ಸುಖ ಅಳೆಯುವ ಯುರೋಪಿನ ವೆಲ್ಫೇರ್ ಕ್ವಾಲಿಟಿ ಪದ್ಧತಿಯಲ್ಲಿ ಸರಾಸರಿ 5.2 ಸೆಕೆಂಡಿನವರೆಗೆ ಸರಿ, 6.3 ದಾಟಿದರೆ ಗಂಭೀರ. ಬೆಳಗಿನ ಮೇವು ಮುಗಿದ ಮೇಲಿನ ಒಂದು ಗಂಟೆ ಕಾದರೆ ಆರು ಹಸುಗಳಲ್ಲಿ ನಾಲ್ಕಾದರೂ ಸಿಗುತ್ತವೆ. ಕೋಲು ತೋರಿಸಿ ಮಲಗಿಸಿದ್ದು ಲೆಕ್ಕಕ್ಕಿಲ್ಲ.

ಏಳುವುದನ್ನು ನೋಡಲು ಇನ್ನೂ ತಾಳ್ಮೆ ಬೇಕು, ಆದರೆ ಕೊಟ್ಟಿಗೆಯ ಗುಟ್ಟು ಅಲ್ಲೇ ಇರುವುದು. ಹಸು ಏಳುವಾಗ ಹಿಂಗಾಲು ಮೊದಲು. ಅದಕ್ಕಾಗಿ ತಲೆಯನ್ನು ಮುಂದಕ್ಕೂ ಕೆಳಕ್ಕೂ ಚಾಚಿ ಭಾರ ಮುಂದೆ ತರುತ್ತದೆ. ಮುಂದೆ ಎತ್ತರದ ಗೋದಲಿ ಗೋಡೆ, ಕತ್ತಿಗೆ ಗಿಡ್ಡ ಕಣ್ಣಿ ಇದ್ದರೆ ಚಾಚಲು ಜಾಗವೆಲ್ಲಿ? ಒಂದೋ, ಎರಡು ಮೂರು ಸಲ ತೂಗಿ ತೂಗಿ ಕೈಬಿಡುತ್ತದೆ, ಇಲ್ಲವೇ ಕುದುರೆಯ ಹಾಗೆ ಮುಂಗಾಲು ಮೊದಲು ಊರಿ ನಾಯಿಯಂತೆ ಕೂತು ಆಮೇಲೆ ಏಳುತ್ತದೆ. ಏಳುವುದು ಕಷ್ಟವಾದ ಹಸು ಮಲಗುವುದನ್ನೇ ಮುಂದೂಡುತ್ತದೆ. ನೆಲಕ್ಕೆ ಮಾತ್ರ ಬೈದು ರಬ್ಬರ್ ಚಾಪೆ ತಂದವರ ಕೊಟ್ಟಿಗೆಯಲ್ಲೂ ‘ಮಲಗಿದೆ’ ಗುರುತು ಏರದಿರಲು ನಾವು ಕಂಡ ಕಾರಣ ಬಹುಪಾಲು ಇದು. ಪಕ್ಕದ್ದರ ಮೇವಿಗೆ ಬಾಯಿ ಹಾಕಬಾರದೆಂದು ಎರಡೂ ಕಡೆ ಗೂಟಕ್ಕೆ ಬಿಗಿದ ಹಸುಗಳಲ್ಲಿ ಇದು ಇನ್ನೂ ಜೋರು.

ಪರೀಕ್ಷೆ ಸುಲಭ. ಮಲಗಿದ ಹಸುವಿನ ಕಣ್ಣಿ ಜೋತಾಡುತ್ತಿದೆಯೇ, ಅದು ತಲೆಯನ್ನು ಹಿಂದಕ್ಕೆ ತಿರುಗಿಸಿ ಪಕ್ಕೆಯ ಮೇಲಿಟ್ಟು ನಿದ್ದೆ ಮಾಡಬಲ್ಲದೇ ನೋಡಿ. ಆಗದಿದ್ದರೆ ಕಣ್ಣಿ ಗಿಡ್ಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ‘ಅಸಮಂಜಸವಾಗಿ ಗಿಡ್ಡ’ ಹಗ್ಗದಲ್ಲಿ ಹೊತ್ತುಗಟ್ಟಲೆ ಕಟ್ಟುವುದನ್ನು ಅಪರಾಧ ಎನ್ನುತ್ತದೆ, ಆದರೆ ಎಷ್ಟು ಅಡಿ ಎಂದು ಹೇಳುವುದಿಲ್ಲ. ಅದನ್ನು ಹಸುವೇ ಹೇಳಬೇಕು. ಉದ್ದ ಮಾಡುವಾಗ ಒಂದು ಎಚ್ಚರಿಕೆ: ಹಗ್ಗ ಮುಂಗಾಲಿಗೆ ಸಿಕ್ಕಿಕೊಳ್ಳದಂತೆ ನಡುವೆ ತಿರುಗಣಿ ಇರಬೇಕು.

ನೆಲಕ್ಕೆ ನಮ್ಮ ಪರೀಕ್ಷೆ ನಮ್ಮದೇ ಮಂಡಿ. ಹಸು ಮಲಗುವ ಜಾಗದಲ್ಲಿ ನಿಂತಲ್ಲಿಂದ ಮಂಡಿಯೂರಿ ಬಿದ್ದರೆ ಉತ್ತರ ತಕ್ಷಣ ಸಿಗುತ್ತದೆ. ಎದ್ದಾಗ ಪ್ಯಾಂಟು ಒದ್ದೆಯಾಗಿದ್ದರೆ ಅದು ಎರಡನೇ ಉತ್ತರ. ಮಾಮೂಲಿ ಆರೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲದ ಚಾಪೆಯನ್ನು ಗೋದಲಿಗೆ ತಾಗಿಸಿ ಹಾಸಬೇಕು. ಹಿಂದಕ್ಕೆ ಸರಿದರೆ ಮಂಡಿ ಊರುವ ಕಡೆ ಮತ್ತೆ ಬರಿ ಕಲ್ಲೇ. ಅಡಿಯಲ್ಲಿ ಗಂಜಲ ನಿಂತು ನಾತ ಬರುತ್ತದೆ, ವಾರಕ್ಕೊಮ್ಮೆ ಎತ್ತಿ ತೊಳೆಯದಿದ್ದರೆ ಚಾಪೆ ಹಾಸದಿರುವುದೇ ಮೇಲು. ಮುಂಗಾಲ ಮಂಡಿ ಮತ್ತು ಹಿಂಗಾಲಿನ ದೊಡ್ಡ ಕೀಲಿನಲ್ಲಿ ಕೂದಲು ಉದುರಿದ ಕಲೆ 2 ಸೆಂ.ಮೀ.ಗಿಂತ ದೊಡ್ಡದಿದ್ದರೆ ಎಣಿಸಿ. ಗಾಯ ಮತ್ತು ಬಾವನ್ನು ಬೇರೆ ಕಾಲಂನಲ್ಲಿ ಬರೆಯಿರಿ.

ಬಿಸಿಲಿನ ಲೆಕ್ಕ ಬಿಟ್ಟರೆ ಮೇಲಿನದೆಲ್ಲ ದಾರಿ ತಪ್ಪಿಸುತ್ತದೆ. ಸೆಕೆಗೆ ಹಸು ಮೈ ಆರಿಸಿಕೊಳ್ಳಲು ನಿಲ್ಲುತ್ತದೆ, ಆಗ ನೆಲ ಕಾರಣವಲ್ಲ. ಒಣ ಮತ್ತು ಒದ್ದೆ ಬಲ್ಬಿನ ಥರ್ಮಾಮೀಟರನ್ನು ಹಸುವಿನ ಬೆನ್ನಿನ ಎತ್ತರಕ್ಕೆ, ಶೀಟಿನಿಂದ ದೂರ ತೂಗಿಹಾಕಿ. ಎರಡನ್ನೂ ಸೆಲ್ಸಿಯಸ್‌ನಲ್ಲಿ ಕೂಡಿ 0.72ರಿಂದ ಗುಣಿಸಿ 40.6 ಸೇರಿಸಿದರೆ ತಾಪ-ತೇವ ಸೂಚ್ಯಂಕ. ಒಣ 32, ಒದ್ದೆ 24 ಇದ್ದರೆ 80.9. 72 ದಾಟಿದರೆ ಸೆಕೆ ಶುರು ಎಂಬುದು ಹಳೆಯ ಮಿತಿ, ಹೆಚ್ಚು ಹಾಲಿನ ಹಸುವಿಗೆ 68 ಎನ್ನುವವರಿದ್ದಾರೆ. ಜೊತೆಗೆ ಪಕ್ಕೆ ನೋಡಿ ಹತ್ತು ಉಸಿರಿಗೆ ಎಷ್ಟು ಸೆಕೆಂಡು ಎಂದು ಅಳೆಯಿರಿ. ಹತ್ತು ಸೆಕೆಂಡಾದರೆ ನಿಮಿಷಕ್ಕೆ 60, ಹಸು ಸೆಕೆಗೆ ಬಳಲುತ್ತಿದೆ.

ಇಬ್ಬರು ನೋಡುವಾಗ ಇಬ್ಬರ ಕಣ್ಣೂ ಒಂದೇ ಎಂದು ತೋರಿಸಬೇಕು. ಶೇಕಡಾ ಹೊಂದಾಣಿಕೆ ಮೋಸ ಮಾಡುತ್ತದೆ. ರಾತ್ರಿಯ 100 ಗುರುತಿನಲ್ಲಿ ಇಬ್ಬರೂ 95 ಸಲ ‘ಮಲಗಿದೆ’ ಎಂದು ಬರೆದು 92ರಲ್ಲಿ ಹೊಂದಿದರೂ, ಬರೀ ಅದೃಷ್ಟದಿಂದಲೇ 90.5 ಹೊಂದುತ್ತಿತ್ತು, ಅದೃಷ್ಟದ ಪಾಲು ಕಳೆದು ಹೊಂದಾಣಿಕೆ ಅಳೆಯುವ ಕಪ್ಪಾ ಬೆಲೆ ಬರುವುದು 0.16 ಮಾತ್ರ. ಹಗಲಿನ ವಿಡಿಯೋದಲ್ಲಿ ಒಬ್ಬರು 50, ಇನ್ನೊಬ್ಬರು 54 ಬರೆದು 88ರಲ್ಲಿ ಹೊಂದಿದರೆ 0.76. ಅಭ್ಯಾಸಕ್ಕೂ ಪರೀಕ್ಷೆಗೂ ಹಗಲಿನ ವಿಡಿಯೋ ಬಳಸಿ, 0.6ಕ್ಕಿಂತ ಕಡಿಮೆ ಬಂದರೆ ಪದಗಳ ಗಡಿಗೆ ಮರಳಿ.

ಕೊನೆಗೆ ಲೆಕ್ಕ ಹಾಕುವಾಗ ಆಗುವ ತಪ್ಪು. ಎರಡು ಕೊಟ್ಟಿಗೆಗೆ ಚಾಪೆ, ಎರಡಕ್ಕಿಲ್ಲ, ಒಂದೊಂದರಲ್ಲಿ ಆರು ಹಸು ಎಂದರೆ ನಿಮ್ಮ ಬಳಿ ಇರುವುದು ನಾಲ್ಕು ಅಳತೆ, 24 ಅಲ್ಲ. ಒಂದು ಕೊಟ್ಟಿಗೆಯ ಹಸುಗಳಿಗೆ ಒಂದೇ ಮೇವು, ಒಂದೇ ಕೈ, ಒಂದೇ ಗಾಳಿ. ಅದಕ್ಕೇ ನಾವು ಒಂದೇ ಕೊಟ್ಟಿಗೆಯೊಳಗೆ ಅರ್ಧ ಹಸುಗಳ ಕಣ್ಣಿ ಉದ್ದ ಮಾಡಿ, ಒಂದು ವಾರ ಬಿಟ್ಟು ಮೂರು ದಿನ ಅಳೆದು, ಆಮೇಲೆ ಅದಲು ಬದಲು ಮಾಡಿದೆವು. ಚಾಪೆಯ ಸರದಿ ಅದಾದ ಮೇಲೆ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಗುರುತು ಏರಿದ್ದು ಯಾವುದರಿಂದ ಎಂದು ಮನೆಯವರು ಕೇಳಿದಾಗ ಹೇಳಲು ಏನೂ ಇರುವುದಿಲ್ಲ.