ಸಚಿವ ಸಂಪುಟದ ಲೆಕ್ಕ ಇಟ್ಟುಕೊಳ್ಳುವ ಬಗೆ

ಸಂಪುಟ ವಿಸ್ತರಣೆಯೋ ಪುನಾರಚನೆಯೋ ನಡೆದಾಗ ಯಾರಿಗೆ ಸ್ಥಾನ ಸಿಕ್ಕಿತು, ಯಾರಿಗೆ ಕೈತಪ್ಪಿತು ಎಂಬ ಚರ್ಚೆಯಲ್ಲೇ ವಾರ ಕಳೆದುಹೋಗುತ್ತದೆ. ಊರಿನ ಕೆರೆಗೆ, ಶಾಲೆಗೆ, ಒಳಚರಂಡಿಗೆ ನಾಳೆಯಿಂದ ಉತ್ತರ ಹೇಳಬೇಕಾದ ಸಚಿವರು ಯಾರು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಈ ಪ್ರಶ್ನೆಗೆ ಯಾವ ದಿನವಾದರೂ ಉತ್ತರ ಕೈಗೆ ಸಿಗಬೇಕಾದರೆ ನಮ್ಮದೇ ಒಂದು ಪಟ್ಟಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕೆ ಒಂದು ನೋಟ್‌ಬುಕ್ ಸಾಕು. ಕರ್ನಾಟಕವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಅದರ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲ ಪುಟದ ಮೇಲೆ ಗರಿಷ್ಠ ಸಂಖ್ಯೆಯನ್ನು ಬರೆಯಿರಿ. 2003ರ 91ನೇ ತಿದ್ದುಪಡಿಯ ಮೂಲಕ ಸಂವಿಧಾನದ 164ನೇ ವಿಧಿಗೆ ಸೇರಿದ ನಿಯಮದ ಪ್ರಕಾರ, ಮುಖ್ಯಮಂತ್ರಿಯೂ ಸೇರಿ ಸಚಿವರ ಸಂಖ್ಯೆ ವಿಧಾನಸಭೆಯ ಒಟ್ಟು ಸದಸ್ಯಬಲದ ಶೇ 15ನ್ನು ಮೀರುವಂತಿಲ್ಲ. ನಮ್ಮ ವಿಧಾನಸಭೆಯ 224 ಸ್ಥಾನಗಳಿಗೆ ಇದು 33.6 ಆಗುತ್ತದೆ, ರೂಢಿಯಲ್ಲಿ 34 ಎಂದು ಪರಿಗಣಿಸಲಾಗಿದೆ. ವಿಧಾನ ಪರಿಷತ್ತಿನ ಸದಸ್ಯರೂ ಸಚಿವರಾಗಬಹುದು, ಆದರೆ ಶೇಕಡಾವಾರು ಲೆಕ್ಕಕ್ಕೆ ಪರಿಷತ್ತಿನ 75 ಸ್ಥಾನಗಳು ಸೇರುವುದಿಲ್ಲ. ಸಣ್ಣ ರಾಜ್ಯಗಳಿಗೆ ಕನಿಷ್ಠ 12 ಸಚಿವರು ಎಂಬ ವಿನಾಯಿತಿ ಇರುವುದರಿಂದ, 40 ಸದಸ್ಯರ ಗೋವಾ ವಿಧಾನಸಭೆಯಲ್ಲಿ ಶೇ 15 ಎಂದರೆ ಆರೇ ಆದರೂ ಅಲ್ಲಿ 12 ಸಚಿವರಿರಬಹುದು. ಈ ಮಿತಿ ಬರುವ ಮೊದಲು, 1997ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸಂಪುಟದಲ್ಲಿ 90ಕ್ಕೂ ಹೆಚ್ಚು ಸಚಿವರಿದ್ದರು ಎಂಬುದನ್ನು ನೆನೆದರೆ ತಿದ್ದುಪಡಿ ಯಾಕೆ ಬೇಕಾಯಿತೆಂದು ತಿಳಿಯುತ್ತದೆ.

ಇನ್ನು ಜಮಾ ಖರ್ಚಿನ ಪುಸ್ತಕದಂತೆ ಬಂದವರನ್ನು ಕೂಡಿಸುತ್ತಾ, ಹೋದವರನ್ನು ಕಳೆಯುತ್ತಾ ಸಾಗಬೇಕು. ಬಿ.ಎಸ್. ಯಡಿಯೂರಪ್ಪ 2019ರ ಜುಲೈ 26ರಂದು ಒಬ್ಬರೇ ಪ್ರಮಾಣವಚನ ಸ್ವೀಕರಿಸಿದರು; ಆಗಸ್ಟ್ 20ರಂದು 17 ಮಂದಿ ಸೇರಿದಾಗ ಸಂಖ್ಯೆ 18 ಆಯಿತು. 2020ರ ಫೆಬ್ರುವರಿ 6ರಂದು 10 ಮಂದಿ ಸೇರಿ 28 ಆಯಿತು. ಆ ವರ್ಷದ ಕೊನೆಯ ಹೊತ್ತಿಗೆ ಸಿ.ಟಿ. ರವಿ ಹೊರನಡೆದು 27ಕ್ಕೆ ಇಳಿಯಿತು. 2021ರ ಜನವರಿ 13ರಂದು ಎಚ್. ನಾಗೇಶ್ ಅವರನ್ನು ಕೈಬಿಟ್ಟು ಏಳು ಮಂದಿಯನ್ನು ಸೇರಿಸಿಕೊಂಡಾಗ 33 ಆಗಿ, ಒಂದು ಸ್ಥಾನ ಖಾಲಿ ಉಳಿಯಿತು. ಹೀಗೆ ಬರೆದಿಟ್ಟವರಿಗೆ ಆಕಾಂಕ್ಷಿಗಳ ಹೆಸರು ಪತ್ರಿಕೆಗಳಲ್ಲಿ ಎಷ್ಟೇ ಓಡಾಡಿದರೂ ನಿಜವಾಗಿ ಎಷ್ಟು ಸ್ಥಾನಗಳಿವೆ ಎಂಬುದು ಗೊತ್ತಿರುತ್ತದೆ.

ಪ್ರತಿ ಬದಲಾವಣೆಯ ಮುಂದೆ ಅದರ ಬಗೆಯನ್ನು ಗುರುತಿಸಿಡಿ, ಏಕೆಂದರೆ ಸುದ್ದಿಯಲ್ಲಿ ಈ ಪದಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಖಾಲಿ ಸ್ಥಾನ ತುಂಬಿದರೆ ಅದು ವಿಸ್ತರಣೆ. ಇದ್ದವರನ್ನು ಬಿಟ್ಟು ಹೊಸಬರನ್ನು ತೆಗೆದುಕೊಂಡರೆ ಪುನಾರಚನೆ. 2016ರ ಜೂನ್‌ನಲ್ಲಿ ಸಿದ್ದರಾಮಯ್ಯ 14 ಸಚಿವರನ್ನು ಕೈಬಿಟ್ಟು 13 ಮಂದಿಯನ್ನು ಸೇರಿಸಿಕೊಂಡದ್ದು ಇದಕ್ಕೆ ಸರಿಯಾದ ಉದಾಹರಣೆ. ವ್ಯಕ್ತಿಗಳು ಅವರೇ ಇದ್ದು ಇಲಾಖೆ ಮಾತ್ರ ಬದಲಾದರೆ ಅದು ಖಾತೆ ಬದಲಾವಣೆ, ಅದಕ್ಕೆ ಮತ್ತೆ ಪ್ರಮಾಣವಚನ ಬೇಕಿಲ್ಲ. ಸಚಿವರು ತಾವಾಗಿಯೇ ರಾಜೀನಾಮೆ ಕೊಟ್ಟರೇ, ಅಥವಾ ಮುಖ್ಯಮಂತ್ರಿಯ ಶಿಫಾರಸಿನ ಮೇಲೆ ರಾಜ್ಯಪಾಲರು ಅವರನ್ನು ತೆಗೆದುಹಾಕಿದರೇ ಎಂಬುದನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕು. ಸಚಿವರು ರಾಜ್ಯಪಾಲರ ಇಚ್ಛೆ ಇರುವವರೆಗೆ ಅಧಿಕಾರದಲ್ಲಿರುತ್ತಾರೆ ಎಂದು ಸಂವಿಧಾನ ಹೇಳಿದರೂ ಆ ಇಚ್ಛೆ ನಡೆಯುವುದು ಮುಖ್ಯಮಂತ್ರಿಯ ಸಲಹೆಯಂತೆ.

ಖಾತೆಗಳ ಪುಟಕ್ಕೆ ಮಾತ್ರ ಹೆಚ್ಚು ಸಮಯ ಕೊಡಿ. ನನ್ನ ಅಭಿಪ್ರಾಯದಲ್ಲಿ ಇಡೀ ನೋಟ್‌ಬುಕ್ಕಿನ ಪ್ರಯೋಜನ ಇರುವುದು ಇಲ್ಲಿಯೇ. ಪ್ರಮಾಣವಚನದ ದಿನವೂ ಖಾತೆ ಹಂಚಿಕೆಯ ದಿನವೂ ಒಂದೇ ಆಗಿರಬೇಕೆಂದಿಲ್ಲವಾದ್ದರಿಂದ ಎರಡಕ್ಕೂ ಪ್ರತ್ಯೇಕ ಕಾಲಂ ಬೇಕು. 2019ರಲ್ಲಿ ಆಗಸ್ಟ್ 20ರಂದು ಸಚಿವರಾದವರಿಗೆ ಖಾತೆ ಸಿಕ್ಕಿದ್ದು 26ರಂದು. 2021ರ ಜನವರಿಯಲ್ಲಂತೂ 21ರಂದು ಹಂಚಿದ ಖಾತೆಗಳು ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ಬದಲಾದವು. ಆದ್ದರಿಂದ ಟಿ.ವಿ.ಯಲ್ಲಿ ಬರುವ ಸಂಭಾವ್ಯ ಪಟ್ಟಿಯನ್ನು ನೋಡಿ ಏನನ್ನೂ ಬರೆಯಬೇಡಿ. ಮುಖ್ಯಮಂತ್ರಿಯ ಸಲಹೆಯಂತೆ ರಾಜ್ಯಪಾಲರು ಖಾತೆ ಹಂಚಿದ ಅಧಿಸೂಚನೆ ಹೊರಬಿದ್ದ ಮೇಲೆ, ಅದರ ದಿನಾಂಕದೊಂದಿಗೆ ಬರೆಯಿರಿ.

ಅಧಿಸೂಚನೆಯನ್ನು ಓದುವಾಗ ‘ಹೊರತುಪಡಿಸಿ’ ಎಂಬ ಪದ ಎಲ್ಲಿದೆ ಎಂದು ಹುಡುಕಿ. 2023ರ ಮೇ ತಿಂಗಳ ಹಂಚಿಕೆಯಲ್ಲಿ ಬೆಂಗಳೂರು ನಗರಾಭಿವೃದ್ಧಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಪಾಲಿಗೂ, ಬೆಂಗಳೂರನ್ನು ಹೊರತುಪಡಿಸಿದ ನಗರಾಭಿವೃದ್ಧಿ ಬೈರತಿ ಸುರೇಶ್ ಅವರ ಪಾಲಿಗೂ, ಪೌರಾಡಳಿತ ರಹೀಂ ಖಾನ್ ಅವರ ಪಾಲಿಗೂ ಹೋದವು. ನೀರಿನ ವಿಷಯ ಇನ್ನೂ ಹರಿದು ಹಂಚಿಹೋಗಿದೆ. ಅಣೆಕಟ್ಟು, ದೊಡ್ಡ ಕಾಲುವೆಗಳು ಭಾರಿ ಮತ್ತು ಮಧ್ಯಮ ನೀರಾವರಿಗೆ ಸೇರಿದರೆ, 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು, ಅಂದರೆ ನೀರುಣಿಸುವ ಜಮೀನು, ಇರುವ ಕೆರೆ ಸಣ್ಣ ನೀರಾವರಿಗೂ, ಅದಕ್ಕಿಂತ ಚಿಕ್ಕ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಗೂ ಸೇರುತ್ತವೆ. ಅಂದರೆ ಒಂದೇ ತಾಲ್ಲೂಕಿನ ನೀರಿಗೆ ಮೂವರು ಸಚಿವರು. ಮನವಿ ಸಿದ್ಧಪಡಿಸುವ ಮೊದಲು ನಿಮ್ಮ ಕೆರೆಯ ಅಚ್ಚುಕಟ್ಟು ಎಷ್ಟೆಂದು ತಿಳಿದುಕೊಳ್ಳದಿದ್ದರೆ ಅದು ತಲುಪಬೇಕಾದ ಮೇಜನ್ನು ತಲುಪುವುದಕ್ಕೇ ತಿಂಗಳುಗಳು ಹಿಡಿಯಬಹುದು. ಯಾರಿಗೂ ಹಂಚದ ಖಾತೆಗಳು ಮುಖ್ಯಮಂತ್ರಿಯವರಲ್ಲಿ ಉಳಿಯುತ್ತವೆ. ಹೆಸರು ಕಾಣದಿದ್ದರೆ ಅವರ ಸಾಲಿನಲ್ಲಿ ಬರೆಯಿರಿ.

ಜಿಲ್ಲಾ ಉಸ್ತುವಾರಿ ಸಚಿವರದು ಬೇರೆಯೇ ಪಟ್ಟಿ, ಬೇರೆಯೇ ಆದೇಶ. ಉಪಮುಖ್ಯಮಂತ್ರಿ ಎಂಬ ಹುದ್ದೆಯನ್ನು ಸಂವಿಧಾನ ಹೆಸರಿಸಿಲ್ಲ, ಆದ್ದರಿಂದ ಅವರನ್ನು 34ರಲ್ಲಿ ಒಬ್ಬ ಸಚಿವರೆಂದೇ ಎಣಿಸಿ. ನಿಗಮ, ಮಂಡಳಿಗಳ ಅಧ್ಯಕ್ಷರಿಗೆ ಸಂಪುಟ ದರ್ಜೆಯ ಸ್ಥಾನಮಾನ ಕೊಟ್ಟರೂ ಅವರು ಸಚಿವರಲ್ಲ, ಪಟ್ಟಿಗೆ ಸೇರುವುದಿಲ್ಲ. ಜಿಲ್ಲೆ, ಲಿಂಗ, ಮೊದಲ ಬಾರಿಯ ಸಚಿವರೇ ಎಂಬ ಕಾಲಂಗಳನ್ನೂ ಹಾಕಿಕೊಳ್ಳಿ. 2023ರ ಮೇ 27ರಂದು ಭರ್ತಿಯಾದ 34 ಮಂದಿಯಲ್ಲಿ ಮಹಿಳೆ ಲಕ್ಷ್ಮೀ ಹೆಬ್ಬಾಳಕರ ಒಬ್ಬರೇ ಎಂಬ ಸಂಗತಿ ಕಾಲಂ ಇದ್ದಾಗ ಕಣ್ಣಿಗೆ ರಾಚುತ್ತದೆ, ರಾಚಲೂ ಬೇಕು.

ಯಾವ ಸದನದ ಸದಸ್ಯರೂ ಅಲ್ಲದವರು ಸಚಿವರಾದರೆ ಅವರ ಹೆಸರಿನ ಮುಂದೆ ಆರು ತಿಂಗಳ ಗಡುವನ್ನು ಬರೆಯಿರಿ. 2023ರಲ್ಲಿ ಎನ್.ಎಸ್. ಬೋಸರಾಜು ಮೇ 27ರಂದು ಸಚಿವರಾಗಿ, ಜೂನ್‌ನಲ್ಲಿಯೇ ಪರಿಷತ್ತಿಗೆ ಅವಿರೋಧವಾಗಿ ಆಯ್ಕೆಯಾದರು. ಗಡುವಿನೊಳಗೆ ಆಯ್ಕೆಯಾಗದವರನ್ನು ಮತ್ತೊಂದು ಆರು ತಿಂಗಳಿಗೆ ಪುನಃ ನೇಮಿಸುವಂತಿಲ್ಲ ಎಂದು ಪಂಜಾಬಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ಪಕ್ಷಾಂತರದ ಕಾರಣಕ್ಕೆ ಅನರ್ಹರಾದವರ ವಿಷಯ ಇನ್ನೂ ಬಿಗಿ: ಎಚ್. ವಿಶ್ವನಾಥ್ ಪರಿಷತ್ತಿಗೆ ನಾಮನಿರ್ದೇಶನಗೊಂಡಿದ್ದರೂ, ಚುನಾವಣೆಯಲ್ಲಿ ಗೆದ್ದು ಬರದ ಕಾರಣ ಸಚಿವರಾಗಲು ಅರ್ಹರಲ್ಲ ಎಂದು 2020ರ ನವೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು.

ಮುಖ್ಯಮಂತ್ರಿಯೇ ರಾಜೀನಾಮೆ ಕೊಟ್ಟರೆ ಇಡೀ ಸಂಪುಟ ಕೊನೆಗೊಳ್ಳುತ್ತದೆ. ಆಗ ಗೆರೆ ಎಳೆದು ಹೊಸ ಪುಟ ತೆರೆಯಿರಿ. 2021ರ ಜುಲೈ 28ರಂದು ಬಸವರಾಜ ಬೊಮ್ಮಾಯಿ ಒಬ್ಬರೇ ಪ್ರಮಾಣವಚನ ಸ್ವೀಕರಿಸಿ, ಆಗಸ್ಟ್ 4ರಂದು 29 ಮಂದಿಯನ್ನು ಸೇರಿಸಿಕೊಂಡಾಗ, ಹಿಂದಿನ ಸಂಪುಟದಲ್ಲಿದ್ದವರೂ ಹೊಸದಾಗಿಯೇ ಪ್ರಮಾಣ ಮಾಡಬೇಕಾಯಿತು. ಹಳೆಯ ಪುಟವನ್ನು ಮಾತ್ರ ಹರಿಯಬೇಡಿ. ನಿಮ್ಮೂರಿನ ಕಾಮಗಾರಿ ಮಂಜೂರಾದ ದಿನ ಆ ಖಾತೆ ಯಾರ ಕೈಯಲ್ಲಿತ್ತು, ಅದು ನಿಂತುಹೋದ ದಿನ ಯಾರ ಕೈಯಲ್ಲಿತ್ತು ಎಂಬುದು ಆ ಪುಟದಲ್ಲೇ ಇರುತ್ತದೆ.