ಅಂಗಡಿ ಸರಿಯಾದ ಏರಿಯಾದಲ್ಲೇ ಕಾಣಿಸಬೇಕಾದರೆ

ಗೂಗಲ್ ಮ್ಯಾಪ್ಸ್‌ನಲ್ಲೋ ಜಸ್ಟ್ ಡಯಲ್‌ನಲ್ಲೋ ಅಂಗಡಿ ಸೇರಿಸುವುದು ಕಷ್ಟದ ಕೆಲಸವಲ್ಲ. ಆದರೂ ಜಾಸ್ತಿ ಜನ ಎಡವುವುದು ಒಂದೇ ಕಡೆ. ಹೆಸರು ಸರಿ ಇರುತ್ತದೆ, ಫೋನ್ ನಂಬರ್ ಸರಿ ಇರುತ್ತದೆ, ಏರಿಯಾ ತಪ್ಪಿರುತ್ತದೆ. ಗಿರಾಕಿ ಬೇರೆ ಯಾವುದೋ ಕ್ರಾಸ್‌ನಲ್ಲಿ ನಿಂತು ‘ಎಲ್ಲಿದ್ದೀರಾ?’ ಎಂದು ಫೋನ್ ಮಾಡುತ್ತಾರೆ. ಎಷ್ಟೋ ಸಲ ಫೋನೂ ಬರುವುದಿಲ್ಲ, ಪಕ್ಕದ ಅಂಗಡಿಗೆ ಹೋಗಿಬಿಡುತ್ತಾರೆ.

ಇಂಥ ತಾಣಗಳು ಅಂಗಡಿಗಳನ್ನು ಎರಡು ರೀತಿ ವಿಂಗಡಿಸುತ್ತವೆ. ಒಂದು, ನೀವು ಬರೆದ ವಿಳಾಸದಿಂದ: ರಾಜ್ಯ, ಊರು, ಅದರೊಳಗೆ ಏರಿಯಾ, ಏರಿಯಾದೊಳಗೆ ಕಸುಬು. ‘ಜಯನಗರದ ಟೈಲರ್‌ಗಳು’ ಎಂಬ ಪಟ್ಟಿ ಹುಟ್ಟುವುದು ಹೀಗೆ. ಇನ್ನೊಂದು, ನಕ್ಷೆಯ ಮೇಲಿನ ಚುಕ್ಕೆಯಿಂದ. ಹುಡುಕುವವರು ನಿಂತ ಜಾಗದಿಂದ ನಿಮ್ಮ ಚುಕ್ಕೆ ಎಷ್ಟು ದೂರ ಎಂದು ಗೂಗಲ್ ಅಳೆಯುತ್ತದೆ. ಬರಹ ಒಂದು ಕಡೆ, ಚುಕ್ಕೆ ಇನ್ನೊಂದು ಕಡೆ ಇದ್ದರೆ ತೊಂದರೆ ಶುರು.

ಮೊದಲು ಬೋರ್ಡಿನಲ್ಲಿರುವ ಹೆಸರು, ಕಟ್ಟಡದ ನಂಬರ್, ಪಿನ್‌ಕೋಡ್ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೆಸರಿಗೆ ‘ಬೆಸ್ಟ್ ಟೈಲರ್ ಇನ್ ಜಯನಗರ’ ಎಂದು ಬಾಲ ಅಂಟಿಸಬೇಡಿ. ಅದು ಗೂಗಲ್ ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತಾಗಬಹುದು.

ಈಗ ಏರಿಯಾ. ಇಲ್ಲಿ ನಿಧಾನವಾಗಿ ಹೋಗಿ.

ಪಿನ್‌ಕೋಡ್ ಹಾಕಿದರೆ ಏರಿಯಾ ತಾನಾಗಿ ಸರಿಹೋಗುತ್ತದೆ ಎಂದು ನಂಬಬೇಡಿ. 1972ರಲ್ಲಿ ಪಿನ್‌ಕೋಡ್ ಬಂದದ್ದು ಕಾಗದ ಹಂಚುವ ಅನುಕೂಲಕ್ಕೆ. ಅದರ ಕೊನೆಯ ಮೂರು ಅಂಕಿ ಹೇಳುವುದು ಅಂಚೆ ಕಚೇರಿಯನ್ನು, ಬಡಾವಣೆಯ ಗಡಿಯನ್ನಲ್ಲ. ಬೆಂಗಳೂರಿನ ಜಯನಗರದಲ್ಲೇ 560011 ಇದೆ, 560041 ಕೂಡ ಇದೆ. ಒಂದೇ ಪಿನ್‌ಕೋಡ್ ಅಡಿ ಹಲವು ಬಡಾವಣೆಗಳೂ ಇರುತ್ತವೆ.

ಬ್ಲಾಕ್, ಸ್ಟೇಜ್, ಫೇಸ್ ಬಿಡಲೇಬೇಡಿ. ‘4ನೇ ಮೇನ್, 9ನೇ ಕ್ರಾಸ್’ ಎಂದಷ್ಟೇ ಬರೆದರೆ ಯಾವ ಬ್ಲಾಕಿನದು? ಬನಶಂಕರಿ 2ನೇ ಸ್ಟೇಜ್‌ಗೂ 6ನೇ ಸ್ಟೇಜ್‌ಗೂ ಎಷ್ಟು ದೂರ ಎಂಬುದು ಅಲ್ಲಿ ಓಡಾಡಿದವರಿಗೆ ಗೊತ್ತು. ಊರಿನ ಹೆಸರಂತೂ ಪ್ರತಿಸಲ ಬೇಕು. ವಿಜಯನಗರ ಬೆಂಗಳೂರಿನಲ್ಲೂ ಇದೆ, ಮೈಸೂರಿನಲ್ಲೂ ಇದೆ. 2021ರಿಂದ ಅದೇ ಹೆಸರಿನ ಜಿಲ್ಲೆಯೂ ಇದೆ. ಹೊಸಪೇಟೆಯ ಅಂಗಡಿಯವರು ತಮ್ಮ ಹಳೆಯ ನೋಂದಣಿಯಲ್ಲಿ ಜಿಲ್ಲೆ ಬಳ್ಳಾರಿ ಎಂದೇ ಉಳಿದಿದೆಯಾ ನೋಡಿಕೊಳ್ಳಿ.

ಪಕ್ಕದ ದೊಡ್ಡ ಏರಿಯಾದ ಹೆಸರನ್ನು ಎರವಲು ಪಡೆಯುವ ಚಾಳಿ ಬೇಡವೇ ಬೇಡ. ಗೊಟ್ಟಿಗೆರೆಯಲ್ಲಿ ಅಂಗಡಿ ಇಟ್ಟು ಜೆ.ಪಿ. ನಗರ ಎಂದು ಬರೆದರೆ ಏನು ಲಾಭ? ಚುಕ್ಕೆ ಇರುವುದು ಗೊಟ್ಟಿಗೆರೆಯಲ್ಲೇ. ಜೆ.ಪಿ. ನಗರದವರಿಗೆ ಹತ್ತಿರದ ಅಂಗಡಿಗಳೇ ಮೊದಲು ಕಾಣುತ್ತವೆ. ಗೊಟ್ಟಿಗೆರೆ ಎಂದು ಹುಡುಕುವವರ ಪಟ್ಟಿಯಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ಸುತ್ತಲಿನ ಆಟೋದವರು ನಿಮ್ಮ ಬೀದಿಯನ್ನು ಏನೆಂದು ಕರೆಯುತ್ತಾರೋ ಅದನ್ನೇ ಬರೆಯಿರಿ.

ಚುಕ್ಕೆಯನ್ನು ಮನೆಯಲ್ಲಿ ಕೂತು ಇಡಬೇಡಿ. ಅಂಗಡಿಯ ಬಾಗಿಲಲ್ಲಿ ನಿಂತು, ಉಪಗ್ರಹ ಚಿತ್ರ ಹಾಕಿಕೊಂಡು, ನಕ್ಷೆಯನ್ನು ಪೂರ್ತಿ ಹಿಗ್ಗಿಸಿ, ನಿಮ್ಮ ಚಾವಣಿಯ ಮೇಲೆ ಎಳೆದು ತನ್ನಿ. ಎರಡು ರಸ್ತೆಯ ನಡುವಿನ ಕಟ್ಟಡವಾದರೆ ಬಾಗಿಲಿರುವ ಕಡೆಗೆ ಸರಿಸಿ, ಇಲ್ಲದಿದ್ದರೆ ಮ್ಯಾಪ್ ಜನರನ್ನು ಹಿಂದಿನ ರಸ್ತೆಗೆ ಕರೆದೊಯ್ಯಬಹುದು. ಆಮೇಲೆ ಬೇರೆಯವರ ಫೋನಿನಿಂದ ದಾರಿ ಕೇಳಿ, ನಡೆದು ನೋಡಿ.

ಪ್ಲಂಬರ್, ಎಲೆಕ್ಟ್ರಿಷಿಯನ್ ಹೀಗೆ ಮನೆಮನೆಗೆ ಹೋಗಿ ಕೆಲಸ ಮಾಡುವವರಿಗೆ ದಾರಿ ಬೇರೆ. ಮನೆ ವಿಳಾಸ ಮುಚ್ಚಿಟ್ಟು, ಸೇವೆ ಕೊಡುವ ಪ್ರದೇಶಗಳನ್ನು ಮಾತ್ರ ಕೊಡಬಹುದು. ಗೂಗಲ್ 20ರವರೆಗೆ ಬಿಡುತ್ತದೆ. ನನ್ನ ಕೇಳಿದರೆ ಐದಾರು ಸಾಕು. ಕರೆದ ದಿನವೇ ಹೋಗಬಲ್ಲ ಕಡೆಗಳನ್ನಷ್ಟೇ ಹಾಕಿ.

ಕಸುಬಿನ ವರ್ಗ ಆರಿಸುವುದು ಸುಲಭ, ಮುಖ್ಯವಾದದ್ದನ್ನು ಮೊದಲು ಹಾಕಿ. ಅಂಗಡಿ ನಿಮ್ಮದೇ ಎಂಬ ಖಾತರಿಗೆ ಗೂಗಲ್ ವಿಡಿಯೊ ಕೇಳಿದರೆ ಬೀದಿ, ಬೋರ್ಡು, ನೀವೇ ಷಟರ್ ತೆರೆಯುವುದು, ಮೂರನ್ನೂ ತೋರಿಸಿ.

ಈ ಹೊತ್ತಿಗೆ ‘ಗೂಗಲ್‌ನಿಂದ ಮಾತಾಡ್ತಿದೀವಿ, ದುಡ್ಡು ಕಟ್ಟಿದರೆ ಮೇಲೆ ತರ್ತೀವಿ’ ಎಂಬ ಕರೆ ಬರಬಹುದು. ಫೋನ್ ಇಟ್ಟುಬಿಡಿ, ಗೂಗಲ್ ನೋಂದಣಿಗೆ ದುಡ್ಡಿಲ್ಲ. ನೂರಾರು ತಾಣಗಳಲ್ಲಿ ಹೆಸರು ಹಾಕಿಸುವ ಪ್ಯಾಕೇಜೂ ಬೇಡ. ಜನ ತೆರೆಯದ ತಾಣಗಳಲ್ಲಿ ಹಳೆಯ ವಿಳಾಸ ಉಳಿದುಹೋಗುತ್ತದೆ, ತಿದ್ದಲು ಪಾಸ್‌ವರ್ಡ್ ಕೂಡ ನಿಮ್ಮ ಬಳಿ ಇರುವುದಿಲ್ಲ.

ಎರಡು ಮೂರು ತಾಣ ಸಾಕು, ಆದರೆ ಎಲ್ಲ ಕಡೆ ಒಂದೇ ಹೆಸರು, ಒಂದೇ ನಂಬರ್, ಒಂದೇ ವಿಳಾಸ ಇರಲಿ. ಅಂಗಡಿ ಬೇರೆ ಬೀದಿಗೆ ಹೋದರೆ ಹೊಸದಾಗಿ ಸೇರಿಸಬೇಡಿ, ಇರುವ ಪ್ರೊಫೈಲ್‌ನಲ್ಲೇ ವಿಳಾಸ ಬದಲಿಸಿ ಚುಕ್ಕೆ ಸರಿಸಿ. ಇಲ್ಲದಿದ್ದರೆ ಹಳೆಯ ಬೀದಿಯಲ್ಲೂ ನಿಮ್ಮ ಅಂಗಡಿ ಕಾಣಿಸುತ್ತಲೇ ಇರುತ್ತದೆ.